ಅನುಭವಿ ಕ್ವಾರ್ಟರ್‌ಬ್ಯಾಕ್: ಒಂದು ಋತುವಿನ ಆಸೆ, ಹಲವು ವರ್ಷಗಳ ಲೆಕ್ಕ

ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ ಪ್ರತಿ ವರ್ಷ ಮಾರ್ಚ್ ತಿಂಗಳು ಬಂತೆಂದರೆ ಒಂದು ಪ್ರಶ್ನೆ ತಪ್ಪದೇ ತಲೆಯೆತ್ತುತ್ತದೆ. ಹೆಸರು ಮಾಡಿದ, ಪ್ರಶಸ್ತಿ ಗೆದ್ದ, ಆದರೆ ವಯಸ್ಸು ನಲವತ್ತರ ಆಸುಪಾಸಿಗೆ ಬಂದಿರುವ ಕ್ವಾರ್ಟರ್‌ಬ್ಯಾಕ್ ಒಬ್ಬರು ಯಾವ ತಂಡದ ಹಂಗೂ ಇಲ್ಲದೆ ಮುಕ್ತರಾಗಿರುತ್ತಾರೆ. ಅವರನ್ನು ಕರೆತರಬೇಕೆ, ಬೇಡವೆ ಎಂಬ ಚರ್ಚೆ ತಂಡದ ಕಚೇರಿಯಿಂದ ಹಿಡಿದು ಊರಿನ ಹೋಟೆಲುಗಳವರೆಗೆ ನಡೆಯುತ್ತದೆ. ಕರೆತಂದರೆ ಒಂದೇ ವರ್ಷದಲ್ಲಿ ಪ್ರಶಸ್ತಿ ಕೈಸೇರಬಹುದು. ಕೈಕೊಟ್ಟರೆ ಹಣ, ಕಾಲ ಮತ್ತು ಬೆಳೆಯಬೇಕಿದ್ದ ಯುವಕನ ಅವಕಾಶ ಮೂರೂ ಹೋಗಬಹುದು.

ಈ ಪ್ರಶ್ನೆಗೆ ಎರಡು ಸಲ ಉತ್ತರ ಹೇಳಬೇಕಾಗಿ ಬಂದ ತಂಡ ಮಿನ್ನೆಸೋಟ ವೈಕಿಂಗ್ಸ್. 2009ರಲ್ಲಿ ಅದು ಬ್ರೆಟ್ ಫಾರ್ವ್ ಅವರಿಗೆ ‘ಬನ್ನಿ’ ಎಂದಿತು. 2025ರಲ್ಲಿ ಆ್ಯರನ್ ರಾಜರ್ಸ್ ಅವರ ವಿಷಯ ಬಂದಾಗ ಹಿಂದೆ ಸರಿಯಿತು. ಎರಡು ಸಲವೂ ಪ್ರಶಸ್ತಿ ಬರಲಿಲ್ಲ. ಹಾಗೆಂದು ಎರಡೂ ತೀರ್ಮಾನಗಳು ತಪ್ಪೆಂದು ತಳ್ಳಿಹಾಕುವಂತಿಲ್ಲ. ತೀರ್ಮಾನ ಆಟಗಾರನ ವಯಸ್ಸಿಗಿಂತ ಹೆಚ್ಚಾಗಿ ತಂಡದ ಸ್ಥಿತಿಯನ್ನು ಅವಲಂಬಿಸಿರುತ್ತದೆ ಎಂಬುದನ್ನು ಈ ಎರಡು ಪ್ರಸಂಗಗಳು ತೋರಿಸುತ್ತವೆ.

ಒಬ್ಬನ ಮೇಲೆ ನಿಂತ ಆಟ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ಬಾರಿಗೆ ಪ್ರತಿ ತಂಡದ 11 ಮಂದಿ ಕಣದಲ್ಲಿರುತ್ತಾರೆ. ಚೆಂಡು ಹೊಂದಿರುವ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ ದೊರೆಯುತ್ತವೆ. ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಕೈಗೆ. ಅದನ್ನು ಓಟಗಾರನಿಗೆ ಒಪ್ಪಿಸಬೇಕೆ, ದೂರದಲ್ಲಿರುವ ಸಹ ಆಟಗಾರನಿಗೆ ಎಸೆಯಬೇಕೆ ಎಂಬುದನ್ನು ಆತ ಎರಡು ಮೂರು ಸೆಕೆಂಡುಗಳಲ್ಲಿ ನಿರ್ಧರಿಸಬೇಕು. ಆ ವೇಳೆಗೆ ಭಾರೀ ಮೈಕಟ್ಟಿನ ಎದುರಾಳಿಗಳು ಮೈಮೇಲೆ ಎರಗಿ ಬರುತ್ತಿರುತ್ತಾರೆ.

ಕ್ರಿಕೆಟ್ ಬಲ್ಲವರಿಗೆ ಹೇಳುವುದಾದರೆ, ನಾಯಕ, ಆರಂಭಿಕ ಬ್ಯಾಟ್ಸ್‌ಮನ್ ಮತ್ತು ಮುಖ್ಯ ಬೌಲರ್‌ನ ಹೊಣೆ ಒಬ್ಬನ ಹೆಗಲ ಮೇಲೆಯೇ ಬಿದ್ದಂತೆ. ಆತ ಎಸೆದ ಚೆಂಡು ಗೆರೆಯಾಚೆ ಸಹ ಆಟಗಾರನ ಕೈಸೇರಿದರೆ ಟಚ್‌ಡೌನ್. ಎದುರಾಳಿಯ ಕೈಗೆ ಸಿಕ್ಕರೆ ಇಂಟರ್‌ಸೆಪ್ಷನ್. ಅಂದರೆ ಚೆಂಡಿನ ಒಡೆತನವೇ ಕೈತಪ್ಪಿದಂತೆ. ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿರುವ ತಂಡಗಳು 32. ಈ ಹೊಣೆಯನ್ನು ವರ್ಷಾನುಗಟ್ಟಲೆ ಸಮರ್ಥವಾಗಿ ಹೊರಬಲ್ಲವರು ಎಂದಿಗೂ ಅಷ್ಟು ಮಂದಿ ಇರುವುದಿಲ್ಲ. ವಯಸ್ಸಾದ ಕ್ವಾರ್ಟರ್‌ಬ್ಯಾಕ್‌ಗಳಿಗೂ ಬೇಡಿಕೆ ಕುಂದದಿರುವುದಕ್ಕೆ ಈ ಕೊರತೆಯೇ ಕಾರಣ.

ಹಾಸಿಗೆಯ ಅಳತೆ

ಕೊರತೆಯಿದ್ದರೂ ಹಣವಿದ್ದಷ್ಟು ಸುರಿಯಲು ಲೀಗ್‌ನ ನಿಯಮಗಳು ಬಿಡುವುದಿಲ್ಲ. ಈಗಿನ ಸ್ವರೂಪದ ಫ್ರೀ ಏಜೆಂಟ್ ಪದ್ಧತಿ ಜಾರಿಗೆ ಬಂದದ್ದು 1993ರಲ್ಲಿ. ನಿಗದಿತ ವರ್ಷಗಳ ಸೇವೆ ಮುಗಿಸಿ, ಒಪ್ಪಂದದ ಅವಧಿ ತೀರಿದ ಆಟಗಾರ ತನಗೆ ಬೇಕಾದ ತಂಡದೊಂದಿಗೆ ಮಾತುಕತೆ ನಡೆಸಬಹುದು. ಮರುವರ್ಷ, ಅಂದರೆ 1994ರಲ್ಲಿ, ತಂಡವೊಂದು ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಮೊತ್ತಕ್ಕೆ ಮಿತಿ ಬಂತು. ಆಗ ಅದು 3.46 ಕೋಟಿ ಡಾಲರ್ ಇತ್ತು. 2025ರ ಹೊತ್ತಿಗೆ 27.92 ಕೋಟಿ ಡಾಲರ್‌ಗೆ ಏರಿತು.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ನಿಯಮ. ಕ್ವಾರ್ಟರ್‌ಬ್ಯಾಕ್ ಒಬ್ಬರಿಗೆ ಕೊಡುವ ಪ್ರತಿ ಡಾಲರ್ ಕೂಡ ಅವರನ್ನು ಕಾಯುವ, ಅವರ ಚೆಂಡನ್ನು ಹಿಡಿಯುವ ಆಟಗಾರರ ಪಾಲಿನಿಂದಲೇ ಬರಬೇಕು. ತಂಡಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಸಹಿ ಹಾಕುವಾಗ ಕೊಡುವ ಇಡಿಗಂಟನ್ನು ಲೆಕ್ಕದ ಪುಸ್ತಕದಲ್ಲಿ ಮುಂದಿನ ವರ್ಷಗಳಿಗೆ ಕಂತುಗಳಾಗಿ ಹಂಚುತ್ತವೆ. ಆಟಗಾರ ನಡುವೆಯೇ ನಿವೃತ್ತನಾದರೆ ಅಥವಾ ಬೇರೆಡೆ ಹೋದರೆ ಉಳಿದ ಕಂತುಗಳು ತಂಡದ ತಲೆಯ ಮೇಲೆ ಬೀಳುತ್ತವೆ. ಆಟಗಾರ ಹೋದ ಮೇಲೂ ಉಳಿಯುವ ಈ ಹೊರೆಯನ್ನು ಅಲ್ಲಿನವರು ‘ಸತ್ತ ಹಣ’ ಎಂದು ಕರೆಯುತ್ತಾರೆ.

ಇನ್ನೊಂದು ದಾರಿ ಡ್ರಾಫ್ಟ್. ಕಾಲೇಜು ಆಟ ಮುಗಿಸಿದ ಯುವಕರನ್ನು ಆರಿಸಿಕೊಳ್ಳುವಾಗ ಹಿಂದಿನ ವರ್ಷ ಅತಿ ಕಳಪೆ ಪ್ರದರ್ಶನ ನೀಡಿದ ತಂಡಕ್ಕೆ ಮೊದಲ ಸರದಿ. ಸೋತವರಿಗೆ ಒಳ್ಳೆಯ ಯುವಕ ಸಿಗುತ್ತಾನೆ, ಗೆದ್ದವರು ಕಾಯಬೇಕು. ನಡುವಿನಲ್ಲಿ ತೂಗಾಡುವ ತಂಡದ ಪಾಡು ಮಾತ್ರ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತೆ. ಅಂಥ ತಂಡಗಳೇ ಅನುಭವಿ ಫ್ರೀ ಏಜೆಂಟ್ ಕಡೆಗೆ ಹೆಚ್ಚಾಗಿ ನೋಡುತ್ತವೆ.

2009: ಮಿನ್ನೆಸೋಟದ ಲೆಕ್ಕಾಚಾರ

2008ರ ಋತುವಿನಲ್ಲಿ ವೈಕಿಂಗ್ಸ್ 16 ಪಂದ್ಯಗಳಲ್ಲಿ 10 ಗೆದ್ದಿತ್ತು. ಓಟಗಾರ ಏಡ್ರಿಯನ್ ಪೀಟರ್ಸನ್ 1,760 ಗಜ ಓಡಿ ಲೀಗ್‌ನಲ್ಲೇ ಮೊದಲಿಗರಾಗಿದ್ದರು. ರಕ್ಷಣಾ ಪಂಕ್ತಿಯಲ್ಲಿ ಜೇರ್ಡ್ ಆಲನ್, ಕೆವಿನ್ ವಿಲಿಯಮ್ಸ್, ಪ್ಯಾಟ್ ವಿಲಿಯಮ್ಸ್ ಅವರಂಥ ಘಟಾನುಘಟಿಗಳಿದ್ದರು. ಕೊರತೆ ಇದ್ದದ್ದು ಒಂದೇ ಜಾಗದಲ್ಲಿ. 2006ರ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಬಂದ ಟಾರ್ವರಿಸ್ ಜಾಕ್ಸನ್ ಇನ್ನೂ ನಂಬಿಕೆ ಗಳಿಸಿರಲಿಲ್ಲ. ಹೂಸ್ಟನ್‌ನಿಂದ ತರಿಸಿದ ಸೇಜ್ ರೋಸನ್‌ಫೆಲ್ಸ್ ಕೂಡ ಸ್ಪರ್ಧೆಯಲ್ಲಿದ್ದರು. ಫಿಲಡೆಲ್ಫಿಯಾ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ 26-14ರಿಂದ ಸೋತ ತಂಡಕ್ಕೆ ತನ್ನ ದೌರ್ಬಲ್ಯ ಯಾವುದೆಂದು ಬೇರೆಯವರು ಹೇಳಬೇಕಿರಲಿಲ್ಲ.

ಇತ್ತ ಫಾರ್ವ್ ಅವರದು ವಿಚಿತ್ರ ಪರಿಸ್ಥಿತಿ. 1992ರಿಂದ 2007ರವರೆಗೆ ಗ್ರೀನ್ ಬೇ ಪ್ಯಾಕರ್ಸ್ ತಂಡದ ಕಣ್ಮಣಿಯಾಗಿದ್ದ ಅವರು 2008ರ ಮಾರ್ಚ್‌ನಲ್ಲಿ ಕಣ್ಣೀರಿಡುತ್ತ ವಿದಾಯ ಹೇಳಿ, ಕೆಲವೇ ತಿಂಗಳಲ್ಲಿ ಮನಸ್ಸು ಬದಲಿಸಿದ್ದರು. ಅಷ್ಟರಲ್ಲಿ ಗ್ರೀನ್ ಬೇ ತನ್ನ ಯುವಕ ರಾಜರ್ಸ್‌ಗೆ ಜಾಗ ಕೊಟ್ಟಾಗಿತ್ತು. ಫಾರ್ವ್ ಅವರನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕಳುಹಿಸಲಾಯಿತು. ಅಲ್ಲಿ ಮೊದಲ 11 ಪಂದ್ಯಗಳಲ್ಲಿ 8 ಗೆದ್ದ ತಂಡ ಕೊನೆಯ 5ರಲ್ಲಿ 4 ಸೋತಿತು. ಎಸೆಯುವ ತೋಳಿನ ಸ್ನಾಯುರಜ್ಜು ಹರಿದಿತ್ತು. ಆ ವರ್ಷ ಅವರ ಲೆಕ್ಕದಲ್ಲಿ 22 ಟಚ್‌ಡೌನ್, 22 ಇಂಟರ್‌ಸೆಪ್ಷನ್. ಮತ್ತೆ ನಿವೃತ್ತಿ, 2009ರ ಏಪ್ರಿಲ್‌ನಲ್ಲಿ ಜೆಟ್ಸ್‌ನಿಂದ ಬಿಡುಗಡೆ, ಮೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆ.

ಬೇಡವೆನ್ನಲು ಕಾರಣಗಳು ಸಾಲುಗಟ್ಟಿ ನಿಂತಿದ್ದವು. ಅಕ್ಟೋಬರ್‌ಗೆ ಅವರಿಗೆ 40 ತುಂಬುತ್ತಿತ್ತು. ತೋಳು ಚಾಕು ಕಂಡಿತ್ತು. ಜುಲೈ ಕೊನೆಯಲ್ಲಿ ತಾವು ಬರುವುದಿಲ್ಲ ಎಂದು ತಂಡಕ್ಕೆ ತಿಳಿಸಿಯೂ ಆಗಿತ್ತು. ತರಬೇತಿ ಶಿಬಿರದಲ್ಲಿ ಬೆವರು ಸುರಿಸಿದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಬದಿಗೆ ಸರಿಸಿ, ಶಿಬಿರಕ್ಕೇ ಬಾರದವರನ್ನು ಕೂರಿಸಿದರೆ ತಂಡದೊಳಗೆ ಅಸಮಾಧಾನ ಹೊಗೆಯಾಡದೇ? ಅದರ ಮೇಲೆ ಅವರು ಬದ್ಧವೈರಿ ಗ್ರೀನ್ ಬೇಯ ಆರಾಧ್ಯಮೂರ್ತಿ ಬೇರೆ.

ಬೇಕೆನ್ನಲು ಇದ್ದ ಕಾರಣ ಒಂದೇ. ಆದರೆ ಅದು ಭಾರವಾದದ್ದು. ಪೀಟರ್ಸನ್‌ರಂಥ ಓಟಗಾರನ ಕಾಲುಗಳು, ವಿಲಿಯಮ್ಸ್‌ದ್ವಯರ ರಕ್ಷಣೆ ಎಂದೆಂದಿಗೂ ಇರುವುದಿಲ್ಲ. ಉಳಿದೆಲ್ಲವೂ ಸಿದ್ಧವಾಗಿರುವ ವರ್ಷಗಳು ಒಂದು ತಂಡಕ್ಕೆ ದಶಕದಲ್ಲಿ ಎರಡೋ ಮೂರೋ ಬರುತ್ತವೆ. ಅವನ್ನು ಯುವಕನೊಬ್ಬ ಕಲಿಯಲಿ ಎಂದು ಕಳೆಯಬೇಕೆ? ನಾಲ್ಕು ಬಾರಿ ಸೂಪರ್ ಬೌಲ್ ಆಡಿ ನಾಲ್ಕರಲ್ಲೂ ಸೋತ ಊರಿಗೆ ಈ ಪ್ರಶ್ನೆಯ ನೋವು ಗೊತ್ತಿತ್ತು. 2009ರ ಆಗಸ್ಟ್ 18ರಂದು ಮುಖ್ಯ ಕೋಚ್ ಬ್ರಾಡ್ ಚಿಲ್ಡ್ರೆಸ್ ಸ್ವತಃ ಕಾರು ಓಡಿಸಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿ ಫಾರ್ವ್ ಅವರನ್ನು ಕರೆತಂದರು. ಒಪ್ಪಂದ ಎರಡು ವರ್ಷಕ್ಕೆ, 2.5 ಕೋಟಿ ಡಾಲರ್‌ಗೆ.

ಬಾಯಿಗೆ ಬಾರದ ತುತ್ತು

ಆ ಋತುವಿನಲ್ಲಿ ಅನುಮಾನಿಸಿದವರು ಮೌನವಾಗಬೇಕಾಯಿತು. ಫಾರ್ವ್ 33 ಟಚ್‌ಡೌನ್ ಎಸೆದು ಕೇವಲ 7 ಇಂಟರ್‌ಸೆಪ್ಷನ್ ಕೊಟ್ಟರು. ಸ್ಯಾನ್‌ಫ್ರಾನ್ಸಿಸ್ಕೋ ವಿರುದ್ಧ ಕೇವಲ 2 ಸೆಕೆಂಡು ಬಾಕಿಯಿದ್ದಾಗ ಗ್ರೆಗ್ ಲೂಯಿಸ್‌ಗೆ ಎಸೆದ ಚೆಂಡು ಗೆಲುವು ತಂದಿತು. ಹಳೆಯ ತಂಡ ಗ್ರೀನ್ ಬೇಯನ್ನು ಎರಡು ಸಲವೂ ಮಣಿಸಿದರು. ತಂಡ 12 ಪಂದ್ಯ ಗೆದ್ದು, 4 ಸೋತು ಪ್ಲೇಆಫ್‌ಗೆ ನಡೆಯಿತು.

2010ರ ಜನವರಿ 24ರಂದು ನ್ಯೂ ಆರ್ಲಿಯನ್ಸ್ ಸೇಂಟ್ಸ್ ವಿರುದ್ಧ ಕಾನ್ಫರೆನ್ಸ್ ಫೈನಲ್. ಗೆದ್ದರೆ ಸೂಪರ್ ಬೌಲ್. ಅಂಕ 28-28ರಲ್ಲಿ ಸಮವಾಗಿತ್ತು. ಕೊನೆಯ ಸೆಕೆಂಡುಗಳು. ವೈಕಿಂಗ್ಸ್ ಗೋಲು ಒದೆಯಬಹುದಾದ ದೂರಕ್ಕೆ ಬಂದಿತ್ತು. ಆಗ ಗುಂಪಿನಲ್ಲಿ 12 ಮಂದಿ ನಿಂತರೆಂಬ ಕಾರಣಕ್ಕೆ ದಂಡ ಬಿದ್ದು ತಂಡ 5 ಗಜ ಹಿಂದೆ ಸರಿಯಿತು. ಮುಂದಿನ ಎಸೆತದಲ್ಲಿ ಫಾರ್ವ್ ಬಲಕ್ಕೆ ಓಡುತ್ತ ಮೈದಾನದ ನಡುವಿಗೆ ಚೆಂಡು ಹಾರಿಸಿದರು. ಅದು ಟ್ರೇಸಿ ಪೋರ್ಟರ್ ಕೈಸೇರಿತು. ಹೆಚ್ಚುವರಿ ಅವಧಿಯಲ್ಲಿ ಸೇಂಟ್ಸ್ 31-28ರಿಂದ ಗೆದ್ದು, ಮುಂದೆ ಸೂಪರ್ ಬೌಲನ್ನೂ ಗೆದ್ದಿತು. ಮಿನ್ನೆಸೋಟಕ್ಕೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸೋಲನ್ನು ಆ ಒಂದು ಎಸೆತದ ಮೇಲೆ ಹೊರಿಸುವವರು ಒಂದು ಅಂಶ ಮರೆಯುತ್ತಾರೆ. ಅಂದು ವೈಕಿಂಗ್ಸ್ ಒಟ್ಟು ಐದು ಬಾರಿ ಚೆಂಡು ಕಳೆದುಕೊಂಡಿತ್ತು. ಅದರಲ್ಲಿ ಮೂರು ಕೈಜಾರಿದವು. ಪಂದ್ಯದುದ್ದಕ್ಕೂ ಫಾರ್ವ್ ಮೇಲೆ ಪೆಟ್ಟುಗಳು ಬೀಳುತ್ತಲೇ ಇದ್ದವು. ಎದುರಾಳಿಗಳನ್ನು ಗಾಯಗೊಳಿಸಿದರೆ ಬಹುಮಾನ ಕೊಡುವ ಪದ್ಧತಿಯನ್ನು ಸೇಂಟ್ಸ್ 2009ರಿಂದ 2011ರವರೆಗೆ ನಡೆಸಿತ್ತೆಂದು ಲೀಗ್ 2012ರಲ್ಲಿ ಪ್ರಕಟಿಸಿ, ಕೋಚ್ ಶಾನ್ ಪೇಟನ್ ಅವರನ್ನು ಒಂದು ಋತುವಿಗೆ ಅಮಾನತು ಮಾಡಿತು.

ಎರಡನೇ ವರ್ಷದ ಬಡ್ಡಿ

ಅಲ್ಲಿಗೇ ನಿಲ್ಲಿಸಿದ್ದರೆ 2009ರ ತೀರ್ಮಾನವನ್ನು ಯಾರೂ ದೂರುತ್ತಿರಲಿಲ್ಲ. ಆದರೆ 2010ರ ಆಗಸ್ಟ್‌ನಲ್ಲಿ ಮೂವರು ಸಹ ಆಟಗಾರರು ಮಿಸಿಸಿಪ್ಪಿಯ ಮನೆಗೆ ಹೋಗಿ ಮನವೊಲಿಸಿ ಫಾರ್ವ್ ಅವರನ್ನು ಮರಳಿ ಕರೆತಂದರು. ಈ ಬಾರಿ 11 ಟಚ್‌ಡೌನ್, 19 ಇಂಟರ್‌ಸೆಪ್ಷನ್. ನವೆಂಬರ್‌ನಲ್ಲಿ ಚಿಲ್ಡ್ರೆಸ್ ಕೆಲಸ ಕಳೆದುಕೊಂಡರು. ಡಿಸೆಂಬರ್ 12ರಂದು ಹಿಮದ ಭಾರಕ್ಕೆ ಮೆಟ್ರೋಡೋಮ್ ಕ್ರೀಡಾಂಗಣದ ಚಾವಣಿಯೇ ಕುಸಿಯಿತು. ಮರುದಿನ ಡೆಟ್ರಾಯಿಟ್‌ನಲ್ಲಿ ನಡೆದ ಪಂದ್ಯದಲ್ಲಿ ಭುಜದ ನೋವಿನಿಂದ ಫಾರ್ವ್ ಹೊರಗುಳಿದಾಗ, 1992ರಿಂದ ಸತತವಾಗಿ 297 ಪಂದ್ಯಗಳಲ್ಲಿ ಆರಂಭದಿಂದಲೇ ಕಣಕ್ಕಿಳಿದ ಅವರ ದಾಖಲೆಗೆ ತೆರೆ ಬಿತ್ತು. ವಾರದ ನಂತರ ಶಿಕಾಗೊ ವಿರುದ್ಧ ತಲೆಗೆ ಪೆಟ್ಟಾಗಿ ಬಿದ್ದದ್ದೇ ಅವರ ಕೊನೆಯ ಪಂದ್ಯ. ತಂಡ ಗೆದ್ದದ್ದು 6, ಸೋತದ್ದು 10.

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಹಾಜರಾದ ಫಾರ್ವ್ ತಮಗೆ ಪಾರ್ಕಿನ್ಸನ್ ಕಾಯಿಲೆ ಇರುವುದನ್ನು ತಿಳಿಸಿದರು. ಒಬ್ಬರ ಕಾಯಿಲೆಗೆ ಆಟವೇ ಕಾರಣವೆಂದು ಬೊಟ್ಟು ಮಾಡಲಾಗದು. ಆದರೂ ನಲವತ್ತು ದಾಟಿದವರನ್ನು ‘ಇನ್ನೊಂದು ವರ್ಷ’ ಎಂದು ಕರೆಯುವಾಗ ಪಣಕ್ಕಿಡುವುದು ತಂಡದ ಹಣ ಮಾತ್ರವಲ್ಲ, ಅವರ ದೇಹವೂ ಹೌದೆಂಬುದನ್ನು ಮರೆಯುವಂತಿಲ್ಲ.

ತಂಡ ತೆತ್ತ ಬೆಲೆ ಬೇರೆಯದು. ಎರಡು ವರ್ಷ ಫಾರ್ವ್ ಆಡುತ್ತಿದ್ದಾಗ ಉತ್ತರಾಧಿಕಾರಿ ಸಿದ್ಧವಾಗಿರಲಿಲ್ಲ. 2011ರಲ್ಲಿ ಡ್ರಾಫ್ಟ್‌ನ 12ನೇ ಸರದಿಯಲ್ಲಿ ಕ್ರಿಶ್ಚಿಯನ್ ಪಾಂಡರ್ ಅವರನ್ನು ಆರಿಸಿ, ಜೊತೆಗೆ ಇನ್ನೊಬ್ಬ ಹಿರಿಯ ಡೊನೊವನ್ ಮೆಕ್‌ನ್ಯಾಬ್ ಅವರನ್ನು ತರಿಸಿತು. ಬಾಯಾರಿದಾಗ ಬಾವಿ ತೋಡಿದ ಆ ವರ್ಷ ತಂಡ 3 ಪಂದ್ಯ ಗೆದ್ದು 13 ಸೋತಿತು. ಅದೇ 2011ರ ಫೆಬ್ರುವರಿಯಲ್ಲಿ ಗ್ರೀನ್ ಬೇ ಸೂಪರ್ ಬೌಲ್ ಗೆದ್ದಿತು. ಗೆಲ್ಲಿಸಿದವರು ಫಾರ್ವ್ ಹಿಂದೆ ಮೂರು ವರ್ಷ ಬೆಂಚಿನಲ್ಲಿ ಕುಳಿತು ಕಲಿತ ರಾಜರ್ಸ್.

ಡೆನ್ವರ್ ಮತ್ತು ಟಾಂಪಾ: ಫಲಿಸಿದ ಪ್ರಯೋಗ

ಹಾಗಾದರೆ ಅನುಭವಿಗಳಿಗೆ ಬಾಗಿಲು ಮುಚ್ಚುವುದೇ ಜಾಣತನವೇ? 2012ರ ಡೆನ್ವರ್ ಬ್ರಾಂಕೋಸ್ ಬೇರೆ ಕಥೆ ಹೇಳುತ್ತದೆ. ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದ 2011ರ ಋತುವನ್ನೇ ಕಳೆದುಕೊಂಡ ಪೇಟನ್ ಮ್ಯಾನಿಂಗ್ ಅವರನ್ನು 2.8 ಕೋಟಿ ಡಾಲರ್ ಬೋನಸ್ ಕೊಡಬೇಕಾದ ಹೊತ್ತಿಗೆ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಬಿಡುಗಡೆ ಮಾಡಿತು. ಆಗ ಅವರ ವಯಸ್ಸು 35. ಡೆನ್ವರ್‌ನಲ್ಲಿ ನಿರ್ಧಾರ ಕೈಗೊಳ್ಳಬೇಕಿದ್ದವರು ಜಾನ್ ಎಲ್ವೇ. ಅವರೂ ಕ್ವಾರ್ಟರ್‌ಬ್ಯಾಕ್ ಆಗಿದ್ದವರೇ, ತಮ್ಮ ಕೊನೆಯ ಎರಡು ಋತುಗಳಲ್ಲಿ ಸೂಪರ್ ಬೌಲ್ ಗೆದ್ದವರೇ.

ಎಲ್ವೇ ಐದು ವರ್ಷಕ್ಕೆ 9.6 ಕೋಟಿ ಡಾಲರ್ ಒಪ್ಪಂದ ನೀಡಿದರು. ಆದರೆ ಖಚಿತವಾಗಿ ಕೊಡಬೇಕಿದ್ದದ್ದು ಮೊದಲ ವರ್ಷದ ಸಂಬಳ ಮಾತ್ರ. ಮುಂದಿನದು ಕುತ್ತಿಗೆಯ ವೈದ್ಯಕೀಯ ತಪಾಸಣೆಗೆ ಒಳಪಟ್ಟಿತ್ತು. ಅದೇ ವರ್ಷದ ಡ್ರಾಫ್ಟ್‌ನಲ್ಲಿ ಬ್ರಾಕ್ ಆಸ್ವೈಲರ್ ಎಂಬ ಯುವಕನನ್ನೂ ಆರಿಸಿಕೊಂಡರು. ನೆಚ್ಚಿದವರನ್ನು ಕರೆತರುವ ದಿನವೇ ಅವರಿಲ್ಲದ ದಿನಕ್ಕೂ ಸಿದ್ಧತೆ ನಡೆಯಿತು. 2013ರಲ್ಲಿ ಮ್ಯಾನಿಂಗ್ 55 ಟಚ್‌ಡೌನ್ ಎಸೆದು ದಾಖಲೆ ಬರೆದರು. ಆದರೆ ಸೂಪರ್ ಬೌಲ್‌ನಲ್ಲಿ ಸಿಯಾಟಲ್ 43-8ರಿಂದ ಸದೆಬಡಿಯಿತು. ಪ್ರಶಸ್ತಿ ಬಂದದ್ದು 2016ರ ಫೆಬ್ರುವರಿಯಲ್ಲಿ. ವಿಶೇಷವೆಂದರೆ, ಆ ಋತುವಿನಲ್ಲಿ ಮ್ಯಾನಿಂಗ್ ತೋಳಿನ ಕಸುವು ಸೋರಿಹೋಗಿತ್ತು. ಲೀಗ್ ಹಂತದಲ್ಲಿ 9 ಟಚ್‌ಡೌನ್, 17 ಇಂಟರ್‌ಸೆಪ್ಷನ್. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದವರು ರಕ್ಷಣಾ ಪಂಕ್ತಿಯ ವಾನ್ ಮಿಲ್ಲರ್. ಅನುಭವಿಯನ್ನು ಗೆಲ್ಲಿಸಿದ್ದು ಅವರ ಸುತ್ತ ಕಟ್ಟಿದ ತಂಡ.

ಮ್ಯಾನಿಂಗ್ ನಿವೃತ್ತರಾದ ತಿಂಗಳಲ್ಲೇ ಆಸ್ವೈಲರ್ ಹೆಚ್ಚಿನ ಹಣಕ್ಕೆ ಹೂಸ್ಟನ್‌ಗೆ ಹೊರಟರು. 2016ರಿಂದ 2023ರವರೆಗೆ ಎಂಟು ಋತು ಡೆನ್ವರ್ ಪ್ಲೇಆಫ್ ಮುಖ ನೋಡಲಿಲ್ಲ. ಪ್ರಶಸ್ತಿಯ ಬೆಲೆ ಇದೆಂದಾದರೆ ತೆರಲು ಸಿದ್ಧ ಎನ್ನುವ ಊರುಗಳು ಹಲವು ಇರಬಹುದು. ಆದರೆ ಬೆಲೆ ಇದ್ದೇ ಇತ್ತು.

2020ರ ಟಾಂಪಾ ಬೇ ಬಕನೀರ್ಸ್ ಪ್ರಸಂಗ ಇನ್ನೂ ಅಚ್ಚುಕಟ್ಟು. 2007ರ ನಂತರ ಪ್ಲೇಆಫ್ ಕಾಣದ ತಂಡವದು. 2019ರಲ್ಲಿ ಅದರ ಕ್ವಾರ್ಟರ್‌ಬ್ಯಾಕ್ ಜೇಮಿಸ್ ವಿನ್‌ಸ್ಟನ್ 33 ಟಚ್‌ಡೌನ್ ಎಸೆದರೂ 30 ಇಂಟರ್‌ಸೆಪ್ಷನ್ ಕೊಟ್ಟಿದ್ದರು. ತಂಡದಲ್ಲಿ ಬಲವಿತ್ತು, ಚೆಂಡು ಮಾತ್ರ ಎದುರಾಳಿಗೆ ಹೋಗುತ್ತಿತ್ತು. ಆ ಸೋರಿಕೆ ನಿಲ್ಲಿಸಲು 42 ವರ್ಷದ ಟಾಮ್ ಬ್ರೇಡಿ ಅವರನ್ನು ಎರಡು ವರ್ಷಕ್ಕೆ 5 ಕೋಟಿ ಡಾಲರ್ ಕೊಟ್ಟು ಕರೆತಂದರು. ಅವರನ್ನು ಕಾಯಲು ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಟ್ರಿಸ್ಟನ್ ವರ್ಫ್ಸ್ ಅವರನ್ನು ಆರಿಸಿದರು. 2021ರ ಫೆಬ್ರುವರಿ 7ರಂದು, ತಮ್ಮದೇ ಊರಿನ ಮೈದಾನದಲ್ಲಿ, ಕಾನ್ಸಾಸ್ ಸಿಟಿಯನ್ನು 31-9ರಿಂದ ಸೋಲಿಸಿ ಟಾಂಪಾ ಪ್ರಶಸ್ತಿ ಎತ್ತಿತು. ಕಂತುಗಳಾಗಿ ಮುಂದೂಡಿದ ಲೆಕ್ಕ ಆಮೇಲೆ ಬಂತು. 2023ರ ಋತುವಿಗೆ ಮುನ್ನ ಬ್ರೇಡಿ ನಿವೃತ್ತರಾದಾಗ ಸುಮಾರು 3.5 ಕೋಟಿ ಡಾಲರ್ ‘ಸತ್ತ ಹಣ’ ತಂಡದ ಮೇಲಿತ್ತು.

ನಡುಗಡಲಲ್ಲಿ ನಿಂತವರು

ಈ ಗೆಲುವುಗಳನ್ನು ನೋಡಿ ಅದೇ ದಾರಿ ಹಿಡಿದವರೆಲ್ಲ ದಡ ಸೇರಲಿಲ್ಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್ 2024ರಲ್ಲಿ ರಸೆಲ್ ವಿಲ್ಸನ್ ಅವರನ್ನು ಕರೆತಂದಿತು. 2014ರಲ್ಲಿ ಮ್ಯಾನಿಂಗ್ ಅವರ ಡೆನ್ವರ್ ತಂಡವನ್ನು ಮಣಿಸಿದ ಸಿಯಾಟಲ್‌ನ ಯುವ ಕ್ವಾರ್ಟರ್‌ಬ್ಯಾಕ್ ಇವರೇ. ಮುಂದೆ ಅದೇ ಡೆನ್ವರ್ ಇವರನ್ನು ತರಿಸಿಕೊಂಡು, ಕೈಸುಟ್ಟುಕೊಂಡು, 8.5 ಕೋಟಿ ಡಾಲರ್ ‘ಸತ್ತ ಹಣ’ದ ಹೊರೆ ಹೊತ್ತು ಬಿಡುಗಡೆ ಮಾಡಿತು. ವಿಲ್ಸನ್ ಸಂಬಳದ ಬಹುಪಾಲನ್ನು ಡೆನ್ವರ್ ಕೊಡಬೇಕಿದ್ದರಿಂದ ಪಿಟ್ಸ್‌ಬರ್ಗ್ ತೆತ್ತದ್ದು 12.1 ಲಕ್ಷ ಡಾಲರ್ ಮಾತ್ರ. ಅಗ್ಗದ ವ್ಯವಹಾರವೇ ಸರಿ. ಆದರೆ ಋತುವಿನ ಕೊನೆಯ ಐದು ಪಂದ್ಯಗಳನ್ನೂ ತಂಡ ಸೋತಿತು.

2025ರ ಜೂನ್‌ನಲ್ಲಿ ಅದೇ ತಂಡ 41 ವರ್ಷದ ರಾಜರ್ಸ್ ಅವರನ್ನು ಕರೆತಂದಿತು. ಫಾರ್ವ್ ಅವರಂತೆಯೇ ರಾಜರ್ಸ್ ಕೂಡ ಗ್ರೀನ್ ಬೇ ತೊರೆದು ಜೆಟ್ಸ್ ಸೇರಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮೊದಲ ಪಂದ್ಯದ ಆರಂಭದಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದು ಇಡೀ ಋತು ಕಳೆದುಕೊಂಡಿದ್ದರು. ಪಿಟ್ಸ್‌ಬರ್ಗ್ 10 ಪಂದ್ಯ ಗೆದ್ದು 7 ಸೋತು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತಾದರೂ ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಹೂಸ್ಟನ್‌ಗೆ ಶರಣಾಯಿತು. ಆ ತಂಡ ಪ್ಲೇಆಫ್ ಪಂದ್ಯ ಕೊನೆಯದಾಗಿ ಗೆದ್ದದ್ದು 2017ರ ಜನವರಿಯಲ್ಲಿ. 2023, 2024, 2025ರ ಮೂರೂ ಋತುಗಳಲ್ಲಿ ಅದು ಗಳಿಸಿದ್ದು ತಲಾ 10 ಗೆಲುವು. ಡ್ರಾಫ್ಟ್‌ನ ಮುಂಚೂಣಿಗೆ ಬರುವಷ್ಟು ಸೋಲಿಲ್ಲ, ಪ್ರಶಸ್ತಿಗೆ ಬೇಕಾದಷ್ಟು ಗೆಲುವೂ ಇಲ್ಲ. ಅನುಭವಿ ಕ್ವಾರ್ಟರ್‌ಬ್ಯಾಕ್ ತಂಡವನ್ನು ಮುಳುಗದಂತೆ ಹಿಡಿದಿಟ್ಟರು. ದಡ ಮುಟ್ಟಿಸುವುದು ಅವರೊಬ್ಬರ ಕೈಯಲ್ಲಿರಲಿಲ್ಲ.

ಇಂಡಿಯಾನಾಪೊಲಿಸ್ ಕಥೆಯೂ ಹೆಚ್ಚು ಭಿನ್ನವಲ್ಲ. ಆ್ಯಂಡ್ರೂ ಲಕ್ 29ನೇ ವಯಸ್ಸಿನಲ್ಲಿ 2019ರಲ್ಲಿ ಹಠಾತ್ತನೆ ನಿವೃತ್ತರಾದ ಬಳಿಕ 2020ರಲ್ಲಿ ಫಿಲಿಪ್ ರಿವರ್ಸ್ ಒಂದು ವರ್ಷಕ್ಕೆ ಬಂದರು. ತಂಡ 11 ಪಂದ್ಯ ಗೆದ್ದಿತು, ಅವರು ನಿವೃತ್ತರಾದರು. ಮುಂದಿನ ಎರಡು ವರ್ಷ ಕಾರ್ಸನ್ ವೆಂಟ್ಸ್, ಮ್ಯಾಟ್ ರಯಾನ್ ಎಂದು ಬೇರೆ ತಂಡಗಳಿಂದ ಕ್ವಾರ್ಟರ್‌ಬ್ಯಾಕ್‌ಗಳನ್ನು ತರಿಸುವುದೇ ಆಯಿತು. 2025ರ ಡಿಸೆಂಬರ್‌ನಲ್ಲಿ ಡೇನಿಯಲ್ ಜೋನ್ಸ್ ಗಾಯಗೊಂಡಾಗ, ಐದು ವರ್ಷ ಆಟದಿಂದ ದೂರವಿದ್ದ 44 ವರ್ಷದ ರಿವರ್ಸ್ ಅವರನ್ನೇ ಮತ್ತೆ ಕರೆಯಬೇಕಾಯಿತು. ಸಿಯಾಟಲ್ ವಿರುದ್ಧ 18-16ರಿಂದ ಸೋತರೂ ಅವರ ಛಲವನ್ನು ಎಲ್ಲರೂ ಮೆಚ್ಚಿದರು. ಆದರೆ ಆ ಋತುವಿನಲ್ಲೂ ಕೋಲ್ಟ್ಸ್ ಪ್ಲೇಆಫ್ ತಲುಪಲಿಲ್ಲ.

ಬದಲಾದ ತಕ್ಕಡಿ

2009ಕ್ಕೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಆಗ ಡ್ರಾಫ್ಟ್‌ನ ಮುಂಚೂಣಿಯಲ್ಲಿ ಬರುವ ಯುವಕರೂ ದುಬಾರಿಯಾಗಿದ್ದರು. 2010ರಲ್ಲಿ ಮೊದಲಿಗರಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫೋರ್ಡ್ ಅವರ ಆರು ವರ್ಷದ ಒಪ್ಪಂದದ ಮೊತ್ತ 7.8 ಕೋಟಿ ಡಾಲರ್. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಹೊಸ ಒಡಂಬಡಿಕೆಯಾಗಿ ಹೊಸಬರ ಸಂಬಳಕ್ಕೆ ಮಿತಿ ಬಂತು. ಆ ವರ್ಷ ಮೊದಲಿಗರಾದ ಕ್ಯಾಮ್ ನ್ಯೂಟನ್‌ಗೆ ಸಿಕ್ಕದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ.

ಪರಿಣಾಮವಾಗಿ ಸಮರ್ಥ ಯುವ ಕ್ವಾರ್ಟರ್‌ಬ್ಯಾಕ್ ಸಿಕ್ಕ ತಂಡಕ್ಕೆ ನಾಲ್ಕು ವರ್ಷ ಹಬ್ಬ. ಉಳಿದ ಹಣದಲ್ಲಿ ರಕ್ಷಣೆ ಬಲಪಡಿಸಬಹುದು. 2012ರ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಬಂದ ವಿಲ್ಸನ್ ಅವರೊಂದಿಗೆ ಸಿಯಾಟಲ್ ಮಾಡಿದ್ದು ಅದನ್ನೇ. ಆದ್ದರಿಂದ ಹಿರಿಯರನ್ನು ಕರೆತರುವ ತಂಡ ಕಳೆದುಕೊಳ್ಳುವುದು ಸಂಬಳವನ್ನಷ್ಟೇ ಅಲ್ಲ. ಅಗ್ಗದ ಯುವಕನೊಬ್ಬನನ್ನು ಪರೀಕ್ಷಿಸಬಹುದಾದ ವರ್ಷವನ್ನೂ ಹೌದು.

2025ರಲ್ಲಿ ವೈಕಿಂಗ್ಸ್ ಎದುರಿಗಿದ್ದದ್ದು ಇದೇ ತಕ್ಕಡಿ. ಹಿಂದಿನ ವರ್ಷ 14 ಪಂದ್ಯ ಗೆಲ್ಲಿಸಿದ್ದ ಸ್ಯಾಮ್ ಡಾರ್ನಾಲ್ಡ್ ಫ್ರೀ ಏಜೆಂಟ್ ಆಗಿ ಸಿಯಾಟಲ್‌ಗೆ ಹೋಗಿದ್ದರು. ರಾಜರ್ಸ್ ಮಿನ್ನೆಸೋಟಕ್ಕೆ ಬರಲು ಆಸಕ್ತರೆಂಬ ವರದಿಗಳಿದ್ದವು. ಇತ್ತ 2024ರ ಡ್ರಾಫ್ಟ್‌ನಲ್ಲಿ 10ನೆಯವರಾಗಿ ಆಯ್ಕೆಯಾಗಿ, ಮಂಡಿಯ ಗಾಯದಿಂದ ಒಂದು ಪಂದ್ಯವನ್ನೂ ಆಡದೆ ಕುಳಿತಿದ್ದ ಜೆ.ಜೆ. ಮೆಕಾರ್ಥಿ ಕಾಯುತ್ತಿದ್ದರು. ತಂಡ ಯುವಕನನ್ನು ನಂಬಿತು. ಮತ್ತೆ ಗಾಯಗಳು ಕಾಡಿದ ಆ ಋತುವಿನಲ್ಲಿ ತಂಡ 9 ಗೆದ್ದು 8 ಸೋತು ಪ್ಲೇಆಫ್‌ನಿಂದ ಹೊರಗುಳಿಯಿತು. ರಾಜರ್ಸ್ ಇದ್ದಿದ್ದರೆ ಒಂದೆರಡು ಗೆಲುವು ಹೆಚ್ಚಾಗುತ್ತಿತ್ತೇನೋ. ಆದರೆ ಮೆಕಾರ್ಥಿ ಎಂಥವರೆಂಬ ಪ್ರಶ್ನೆ ಇನ್ನೊಂದು ವರ್ಷ ಮುಂದೆ ಹೋಗುತ್ತಿತ್ತು.

ಕೇಳಬೇಕಾದ ಪ್ರಶ್ನೆಗಳು

ಇಷ್ಟು ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದರೆ ಅನುಭವಿ ಕ್ವಾರ್ಟರ್‌ಬ್ಯಾಕ್‌ಗೆ ಸಹಿ ಹಾಕಿಸುವ ಮುನ್ನ ತಂಡವೊಂದು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ತಂಡದಲ್ಲಿ ಕೊರತೆ ಇರುವುದು ಆ ಒಂದೇ ಜಾಗದಲ್ಲೋ, ಬೇರೆಡೆಯೂ ಉಂಟೋ? ಅವರನ್ನು ಕಾಯಬಲ್ಲ ಪಂಕ್ತಿ ಇದೆಯೇ? ದೇಹ ಕೈಕೊಟ್ಟರೆ ಒಪ್ಪಂದದಿಂದ ಹೊರಬರುವ ದಾರಿ ಇದೆಯೇ? ಅವರು ಹೋದ ಮರುದಿನ ಚೆಂಡು ಯಾರ ಕೈಗೆ?

ಮೊದಲ ಎರಡು ಪ್ರಶ್ನೆಗಳಿಗೆ 2009ರ ಮಿನ್ನೆಸೋಟದ ಬಳಿ ಉತ್ತರವಿತ್ತು. ಅದಕ್ಕೇ ಆ ವರ್ಷ ಸೂಪರ್ ಬೌಲ್‌ನ ಹೊಸ್ತಿಲವರೆಗೆ ಹೋಯಿತು. ಕೊನೆಯ ಪ್ರಶ್ನೆಗೆ ಉತ್ತರವಿರಲಿಲ್ಲ. ಅದಕ್ಕೇ ಎರಡು ವರ್ಷದಲ್ಲಿ ಪಾತಾಳ ಕಂಡಿತು. ಡೆನ್ವರ್ ಮತ್ತು ಟಾಂಪಾ ಪ್ರಶಸ್ತಿ ಪಡೆದು ಸಾಲ ತೀರಿಸಿದವು. ಪಿಟ್ಸ್‌ಬರ್ಗ್ ಪ್ರಶಸ್ತಿಯಿಲ್ಲದೆ ಕಾಲ ತಳ್ಳಿತು.

ಹಿರಿಯ ಆಟಗಾರನನ್ನು ಕರೆತರುವುದೆಂದರೆ ನಾಳಿನ ದುಡಿಮೆಯನ್ನು ಒತ್ತೆಯಿಟ್ಟು ಇಂದು ಸಾಲ ತಂದಂತೆ. ಬೆಳೆ ಕೊಯ್ಲಿಗೆ ಬಂದು, ಕೂಲಿಗೆ ಮಾತ್ರ ಹಣ ಸಾಲದಾದ ರೈತ ಅಂಥ ಸಾಲ ಮಾಡಿದರೆ ಯಾರೂ ತಪ್ಪು ಹೇಳರು. ಬಿತ್ತನೆಯೇ ಆಗದ ಹೊಲದವನು ಅದೇ ಸಾಲ ಮಾಡಿದರೆ ಬಡ್ಡಿ ಕಟ್ಟುವುದೇ ಅವನ ಪಾಲಿಗೆ ಉಳಿಯುತ್ತದೆ. ಮುಂದಿನ ಮಾರ್ಚ್‌ನಲ್ಲಿ ಇನ್ನೊಂದು ದೊಡ್ಡ ಹೆಸರು ಮುಕ್ತವಾದಾಗ ತಂಡಗಳು ಮೊದಲು ನೋಡಿಕೊಳ್ಳಬೇಕಾದದ್ದು ಆ ಆಟಗಾರನ ಹುಟ್ಟಿದ ವರ್ಷವನ್ನಲ್ಲ, ತಮ್ಮ ಹೊಲದಲ್ಲಿ ಪೈರು ಎಷ್ಟೆತ್ತರ ಬಂದಿದೆ ಎಂಬುದನ್ನು.